ಮುದ್ರೆ ಅರಸನದು, ಕೈ ಯಾರದು?

ಇಂಗ್ಲಂಡದ ರಾಜ್ಯಪದ್ಧತಿಯನ್ನು ಕೊಂಡಾಡುವವರು ನಮ್ಮ ವಿದ್ಯಾವಂತರಲ್ಲಿ ಇಂದಿಗೂ ಬಹುಜನರಿದ್ದಾರೆ. ಅಲ್ಲಿ ಅರಸನಿದ್ದಾನೆ, ಆದರೆ ಅವನು ಆಳುವುದಿಲ್ಲ. ಆಳುವವರು ಪ್ರಜೆಗಳು ಆರಿಸಿದ ಮಂತ್ರಿಗಳು. ಆದುದರಿಂದ ಆ ದೇಶದಲ್ಲಿ ರಾಜಸತ್ತೆಯ ಶೋಭೆಯೂ ಪ್ರಜಾಸತ್ತೆಯ ಸುಖವೂ ಒಂದೇ ಮನೆಯಲ್ಲಿ ಕೂಡಿ ಬಾಳುತ್ತಿವೆ ಎಂದು ಅವರು ಹೇಳುತ್ತಾರೆ. ಈ ಮಾತಿನ ಪೂರ್ವಾರ್ಧವನ್ನು ನಾವು ಒಪ್ಪುತ್ತೇವೆ. ಉತ್ತರಾರ್ಧವನ್ನು ಪರೀಕ್ಷಿಸದೆ ಒಪ್ಪಲಾರೆವು. ಅರಸನು ಆಳದಿದ್ದರೆ ಅವನ ಅಧಿಕಾರವು ಎಲ್ಲಿಗೆ ಹೋಯಿತು? ಅದು ನೇರವಾಗಿ ಪ್ರಜೆಗಳ ಕೈಗೆ ಬಂದಿತೇ, ಅಥವಾ ನಡುವೆ ನಿಂತ ಯಾರಾದರೂ ಅದನ್ನು ಹಿಡಿದುಕೊಂಡರೇ? ಈ ಪ್ರಶ್ನೆಯನ್ನು ಕೇಳದೆ ಘಟನಾಬದ್ಧ ರಾಜಸತ್ತೆಯ ಗುಣಗಾನ ಮಾಡುವುದು, ಪಲ್ಲಕ್ಕಿಯೊಳಗಿನ ಮೂರ್ತಿಗೆ ಕೈಮುಗಿದು, ಅದನ್ನು ಹೊತ್ತವರು ಯಾವ ದಾರಿ ಹಿಡಿದರೆಂಬುದನ್ನು ನೋಡದೆ ಬಿಟ್ಟಂತೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಅಂಥ ರಾಜ್ಯದಲ್ಲಿ ಅರಸನ ಅಧಿಕಾರಗಳು ಅಳಿದುಹೋಗಿಲ್ಲ. ಅವು ಅರಸನ ಹೆಸರಿನಲ್ಲಿಯೇ ಉಳಿದು ಪ್ರಧಾನಮಂತ್ರಿಯ ಕೈಸೇರಿವೆ. ಅಲ್ಲಿಯ ಪ್ರಜೆಗಳ ಸ್ವಾತಂತ್ರ್ಯವನ್ನು ಅರಸನ ಸಜ್ಜನಿಕೆಯಾಗಲಿ ಹಳೆಯ ರೂಢಿಯಾಗಲಿ ಕಾಯುತ್ತಿಲ್ಲ. ಅಧಿಕಾರ ನಡೆಸುವವನು ಪ್ರಜಾಪ್ರತಿನಿಧಿಗಳ ಎದುರಿಗೆ ನಿಂತು ಲೆಕ್ಕ ಒಪ್ಪಿಸಬೇಕೆಂಬ ಕಟ್ಟೊಂದೇ ಅದನ್ನು ಕಾಯುತ್ತದೆ. ಆ ಕಟ್ಟು ಎಲ್ಲಿ ಬಿಗಿಯಾಗಿದೆಯೋ ಅಲ್ಲಿ ಸ್ವಾತಂತ್ರ್ಯವಿದೆ. ಎಲ್ಲಿ ಸಡಿಲವೋ ಅಲ್ಲಿ ಕಿರೀಟದ ಮರೆಯಲ್ಲಿ ಮಂತ್ರಿಯ ಸ್ವೇಚ್ಛೆ ಬೆಳೆಯುತ್ತದೆ.

ಕಟ್ಟು ಹುಟ್ಟಿದ ಬಗೆ

ಈ ಕಟ್ಟು ಒಂದೇ ದಿನದಲ್ಲಿ ಹುಟ್ಟಿದುದಲ್ಲ. ೧೬೪೯ರಲ್ಲಿ ಒಂದನೆಯ ಚಾರ್ಲ್ಸನ ಶಿರಚ್ಛೇದವಾಯಿತು. ಮುಂದೆ ಹನ್ನೊಂದು ವರ್ಷ ಇಂಗ್ಲಂಡವು ಅರಸನಿಲ್ಲದೆ ನಡೆಯಿತು. ೧೬೬೦ರಲ್ಲಿ ಅವನ ಹಿರಿಯ ಮಗನನ್ನು ಕರೆತಂದು ಪಟ್ಟಕ್ಕೆ ಕೂಡಿಸಿದರು. ಕಿರಿಯ ಮಗನಾದ ಎರಡನೆಯ ಜೇಮ್ಸನು ಪಟ್ಟಕ್ಕೆ ಬಂದ ಮೇಲೆ ಪಾರ್ಲಿಮೆಂಟು ಮಾಡಿದ ಕಾಯದೆಗಳನ್ನು ತನ್ನ ಮನಸ್ಸಿನಂತೆ ತಡೆಹಿಡಿಯತೊಡಗಿದಾಗ, ೧೬೮೮ರಲ್ಲಿ ಅವನೂ ದೇಶಬಿಟ್ಟು ಓಡಬೇಕಾಯಿತು. ಮರುವರ್ಷ ಅಂಗೀಕೃತವಾದ ಹಕ್ಕುಗಳ ಕಾಯದೆಯು ಅರಸನಿಗೆ ನಾಲ್ಕು ಗೋಡೆಗಳನ್ನು ಕಟ್ಟಿತು: ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಅವನು ಕಾಯದೆಯನ್ನು ತಡೆಹಿಡಿಯಕೂಡದು, ತೆರಿಗೆ ಎತ್ತಕೂಡದು, ಶಾಂತಿಕಾಲದಲ್ಲಿ ಸೈನ್ಯವನ್ನು ಇಡಕೂಡದು, ಮತ್ತು ಸಭೆಯಲ್ಲಿ ಆಡಿದ ಮಾತಿಗಾಗಿ ಯಾವ ಪ್ರತಿನಿಧಿಯನ್ನೂ ಹೊರಗೆ ವಿಚಾರಣೆಗೆ ಗುರಿಮಾಡಕೂಡದು. ೧೭೦೧ರ ಉತ್ತರಾಧಿಕಾರದ ಕಾಯದೆಯಿಂದ ನ್ಯಾಯಾಧೀಶರನ್ನು ಅರಸನು ಮನಸ್ಸು ಬಂದಂತೆ ತೆಗೆದುಹಾಕುವುದೂ ನಿಂತಿತು.

ಇಲ್ಲಿ ಸುಜ್ಞ ವಾಚಕರು ಒಂದು ಸಂಗತಿಯನ್ನು ಲಕ್ಷಿಸಬೇಕು. ಈ ಕಾಯದೆಗಳು ಅರಸನಿಗೆ 'ಇದನ್ನು ಮಾಡಬೇಡ' ಎಂದವು. ಅವನು ಮಾಡುತ್ತಿದ್ದ ಉಳಿದ ಕೆಲಸಗಳನ್ನು, ಎಂದರೆ ಮಂತ್ರಿಗಳನ್ನು ನೇಮಿಸುವುದು, ಸಭೆಯನ್ನು ಕರೆಯುವುದು ಮತ್ತು ವಿಸರ್ಜಿಸುವುದು, ಯುದ್ಧ ಹೂಡುವುದು, ಪರರಾಜ್ಯಗಳೊಡನೆ ಕರಾರು ಮಾಡಿಕೊಳ್ಳುವುದು, ಪದವಿಗಳನ್ನು ಹಂಚುವುದು ಇವುಗಳನ್ನು ಮುಂದೆ ಯಾರು ಮಾಡಬೇಕೆಂದು ಅವು ಹೇಳಲಿಲ್ಲ. ಆ ಅಧಿಕಾರಗಳೆಲ್ಲ ಸಿಂಹಾಸನದಲ್ಲಿಯೇ ಉಳಿದವು. ಅವು ಸಿಂಹಾಸನದಿಂದ ಮಂತ್ರಿಯ ಮೇಜಿಗೆ ಇಳಿದು ಬಂದುದು ರೂಢಿಯಿಂದ. ಯಾವ ಕಾಯದೆಯಿಂದಲೂ ಅಲ್ಲ.

೧೭೦೮ರಲ್ಲಿ ಆನ್ ರಾಣಿಯು ಸ್ಕಾಟ್ಲಂಡದ ದಂಡಿಗೆ ಸಂಬಂಧಿಸಿದ ಒಂದು ಮಸೂದೆಗೆ ಅಂಕಿತ ಹಾಕಲಿಲ್ಲ. ಅದೂ ಮಂತ್ರಿಗಳ ಸಲಹೆಯಂತೆಯೇ. ಆ ಬಳಿಕ ಮೂರು ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದಿದ್ದರೂ ಪಾರ್ಲಿಮೆಂಟು ಒಪ್ಪಿದ ಮಸೂದೆಯನ್ನು ಅಲ್ಲಿಯ ಯಾವ ಅರಸನೂ ತಿರಸ್ಕರಿಸಿಲ್ಲ. ೧೭೧೪ರಲ್ಲಿ ಜರ್ಮನಿಯ ಹ್ಯಾನೋವರದಿಂದ ಬಂದ ಒಂದನೆಯ ಜಾರ್ಜನು ಕ್ರಮೇಣ ಮಂತ್ರಿಗಳ ಸಭೆಗೆ ಬರುವುದನ್ನು ಬಿಟ್ಟನು. ಅವನ ಬರಿದಾದ ಆಸನದ ಪಕ್ಕದಲ್ಲಿ ಪ್ರಧಾನಮಂತ್ರಿಯ ಪದವಿಯು ಬೆಳೆಯಿತು. ೧೭೨೧ರಿಂದ ಆ ಸ್ಥಾನದಲ್ಲಿದ್ದ ವಾಲ್ಪೋಲನನ್ನು ಆ ದೇಶದ ಮೊದಲನೆಯ ಪ್ರಧಾನಮಂತ್ರಿಯೆಂದು ಎಣಿಸುತ್ತಾರೆ. ಕಾಮನ್ಸ್ ಸಭೆಯ ಬೆಂಬಲ ತಪ್ಪಿದಾಗ ೧೭೪೨ರಲ್ಲಿ ಅವನು ಕೆಲಸ ಬಿಟ್ಟನು. ೧೮೩೪ರಲ್ಲಿ ನಾಲ್ಕನೆಯ ವಿಲಿಯಮನು ಮೆಲ್ಬೋರ್ನನ ಮಂತ್ರಿಮಂಡಲವನ್ನು ತೆಗೆದುಹಾಕಿ ಪೀಲನಿಗೆ ಅಧಿಕಾರ ಕೊಟ್ಟು ನೋಡಿದನು. ಚುನಾವಣೆಯಾಯಿತು, ಪೀಲನಿಗೆ ಬಹುಮತ ಬರಲಿಲ್ಲ, ೧೮೩೫ರ ಏಪ್ರಿಲಿನಲ್ಲಿ ಅರಸನು ತಾನು ತೆಗೆದ ಮೆಲ್ಬೋರ್ನನನ್ನೇ ಮರಳಿ ಕರೆಯಬೇಕಾಯಿತು. ಅಂದಿನಿಂದ ಇಂಗ್ಲಂಡದ ಯಾವ ಅರಸನೂ ಕಾಮನ್ಸ್ ಸಭೆಯ ಬಹುಮತವುಳ್ಳ ಮಂತ್ರಿಮಂಡಲವನ್ನು ಹೊರದೂಡುವ ಸಾಹಸ ಮಾಡಿಲ್ಲ.

ಅರಸನ ಹಟ ಮುರಿದ ಮೇಲೆ ಪ್ರಭುಗಳ ಹಟ ಉಳಿದಿತ್ತು. ೧೯೦೯ರಲ್ಲಿ ಲಾರ್ಡ್ಸ್ ಸಭೆಯು ಕಾಮನ್ಸ್ ಸಭೆ ಒಪ್ಪಿದ ಅಂದಾಜುಪತ್ರಿಕೆಯನ್ನೇ ತಳ್ಳಿಹಾಕಿತು. ೧೯೧೦ ಒಂದೇ ವರ್ಷದಲ್ಲಿ ಎರಡು ಚುನಾವಣೆಗಳಾದವು. ಬೇಕಾದಷ್ಟು ಹೊಸ ಪ್ರಭುಗಳನ್ನು ಸೃಷ್ಟಿಸಿ ಆ ಸಭೆಯನ್ನು ತುಂಬುವೆನೆಂದು ಐದನೆಯ ಜಾರ್ಜನಿಂದ ಮಂತ್ರಿಗಳು ಮಾತು ಪಡೆದ ಮೇಲೆಯೇ ೧೯೧೧ರ ಪಾರ್ಲಿಮೆಂಟ್ ಕಾಯದೆಯು ಅಂಗೀಕೃತವಾಯಿತು. ಅದರಿಂದ ಹಣಕಾಸಿನ ಮಸೂದೆಯನ್ನು ಪ್ರಭುಗಳು ಒಂದು ತಿಂಗಳಿಗಿಂತ ಹೆಚ್ಚು ತಡೆಯಲಾರದಾದರು. ಉಳಿದ ಮಸೂದೆಗಳನ್ನು ಎರಡು ವರ್ಷ ತಡೆಯಬಹುದಾಗಿದ್ದುದು ೧೯೪೯ರಲ್ಲಿ ಒಂದು ವರ್ಷಕ್ಕೆ ಇಳಿಯಿತು. ಪ್ರಭುಗಳನ್ನು ಮಣಿಸಲಿಕ್ಕೂ ಮಂತ್ರಿಗಳು ಬಳಸಿದ ಆಯುಧವು ಅರಸನ ಅಧಿಕಾರವೇ ಎಂಬುದನ್ನು ಮರೆಯಬಾರದು.

ಗೌಡನ ಹೆಸರು, ಕುಲಕರ್ಣಿಯ ಲೇಖಣಿ

ಇಂದು ಆ ಯಂತ್ರವು ನಡೆಯುವ ರೀತಿಯನ್ನು ನೋಡೋಣ. ಕಾಮನ್ಸ್ ಸಭೆಯಲ್ಲಿ ೬೫೦ ಸ್ಥಾನಗಳಿವೆ. ಯಾರಿಗೆ ಆ ಸಭೆಯ ವಿಶ್ವಾಸವಿದೆಯೋ ಅವರನ್ನು ಅರಸನು ಕರೆದು ಮಂತ್ರಿಮಂಡಲ ರಚಿಸಲು ಹೇಳುತ್ತಾನೆ. ಹೊಸ ಅಧಿವೇಶನದ ಪ್ರಾರಂಭದಲ್ಲಿ ಅರಸನು ಕಿರೀಟ ಧರಿಸಿ ಸಿಂಹಾಸನದ ಮೇಲೆ ಕುಳಿತು 'ನನ್ನ ಸರಕಾರವು ಇಂತಿಂಥದನ್ನು ಮಾಡುವುದು' ಎಂದು ಭಾಷಣ ಓದುತ್ತಾನೆ. ಆ ಭಾಷಣದ ಒಂದು ಅಕ್ಷರವೂ ಅವನದಲ್ಲ. ಎಲ್ಲವನ್ನೂ ಬರೆದವರು ಮಂತ್ರಿಗಳು. ಪ್ರಿವಿ ಕೌನ್ಸಿಲಿನಲ್ಲಿ ಆಜ್ಞೆಗಳನ್ನು ಓದುತ್ತಾರೆ. ಅರಸನು 'ಒಪ್ಪಿದೆ' ಎನ್ನುತ್ತಾನೆ. ಪ್ರಧಾನಮಂತ್ರಿಯು ವಾರಕ್ಕೊಮ್ಮೆ ಅರಮನೆಗೆ ಬಂದು ಅರಸನೊಡನೆ ಗುಟ್ಟಾಗಿ ಮಾತನಾಡುತ್ತಾನೆ. ಬ್ಯಾಜಟ್ ಎಂಬ ಪತ್ರಿಕಾಸಂಪಾದಕನು ೧೮೬೭ರಲ್ಲಿ ಇಂಗ್ಲಂಡದ ರಾಜ್ಯಘಟನೆಯನ್ನು ಕುರಿತು ಬರೆದ ಗ್ರಂಥದಲ್ಲಿ, ಮಂತ್ರಿಗಳು ಅರಸನ ಅಭಿಪ್ರಾಯವನ್ನು ಕೇಳಬೇಕು, ಅವನು ಅವರಿಗೆ ಪ್ರೋತ್ಸಾಹ ಕೊಡಬಹುದು, ಎಚ್ಚರಿಕೆ ಹೇಳಬಹುದು ಎಂದು ಮೂರೇ ಹಕ್ಕುಗಳನ್ನು ಗುರುತಿಸಿದನು. ಅಲ್ಲಿಂದ ಮುಂದಿನ ಅರಸರೆಲ್ಲ ಈ ಪಾಠವನ್ನೇ ಓದಿದರು.

ನಮ್ಮ ಹಳ್ಳಿಗಳಲ್ಲಿ ಹಿಂದೆ ಗೌಡಕಿ ಗೌಡನದು, ಲೇಖಣಿ ಕುಲಕರ್ಣಿಯದು ಆಗಿರುತ್ತಿದ್ದುದನ್ನು ಬಲ್ಲವರಿಗೆ ಈ ವ್ಯವಸ್ಥೆಯ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಜುರೆ ಗೌಡನಿಗೆ, ಆದರೆ ಯಾರ ಹೊಲ ಯಾರ ಹೆಸರಿಗೆ ಏರಿತೆಂಬುದನ್ನು ತೀರ್ಮಾನಿಸುತ್ತಿದ್ದುದು ದಫ್ತರ. ಲಂಡನ್ನಿನಲ್ಲಿಯೂ ಹಾಗೆಯೇ ದಫ್ತರವಿರುವುದು ಅರಮನೆಯಲ್ಲಲ್ಲ, ಡೌನಿಂಗ್ ಬೀದಿಯ ೧೦ನೆಯ ಮನೆಯಲ್ಲಿ.

ಈ ದಫ್ತರವು ಯಾರ ಕೈಗೆ ಹೇಗೆ ಬೀಳುತ್ತದೆಂಬುದನ್ನೂ ನೋಡಬೇಕು. ೨೦೨೨ರ ಸಪ್ಟಂಬರದಲ್ಲಿ ಲಿಜ್ ಟ್ರಸ್ ಅವರು ಪ್ರಧಾನಮಂತ್ರಿಯಾದುದು ಅವರ ಪಕ್ಷದ ಸುಮಾರು ೮೧,೦೦೦ ಸದಸ್ಯರ ಮತದಿಂದ. ದೇಶದಲ್ಲಿ ಚುನಾವಣೆಯೇ ಆಗಲಿಲ್ಲ. ಅಕ್ಟೋಬರ ೨೫ಕ್ಕೆ ಋಷಿ ಸುನಕ್ ಅವರು ಆ ಸ್ಥಾನಕ್ಕೆ ಬಂದಾಗ ಪಕ್ಷದ ಸಾಮಾನ್ಯ ಸದಸ್ಯರ ಮತವನ್ನೂ ಕೇಳಲಿಲ್ಲ. ೨೦೨೪ರ ಜುಲೈ ೪ರ ಚುನಾವಣೆಯಲ್ಲಿ ಕಾರ್ಮಿಕ ಪಕ್ಷಕ್ಕೆ ಬಿದ್ದ ಮತಗಳು ನೂರಕ್ಕೆ ೩೩.೭, ದೊರೆತ ಸ್ಥಾನಗಳು ೪೧೧. ಮೂವರಲ್ಲಿ ಒಬ್ಬ ಮತದಾರನ ಒಲವಿನಿಂದ ಅರಸನ ಅಧಿಕಾರಗಳ ಸಮಗ್ರ ಭಂಡಾರವು ಒಂದು ಪಕ್ಷದ ಕೈಸೇರಿತು. ಬಹುಮತದ ಆಳ್ವಿಕೆ ಬೇಡವೆಂದು ನಾವು ಹೇಳುತ್ತಿಲ್ಲ. ಇಂಥ ಬಹುಮತದ ಜೊತೆಗೆ ಕಾಯದೆಯ ಕಡಿವಾಣವಿಲ್ಲದ ರಾಜಾಧಿಕಾರವೂ ಬರುತ್ತದೆಂಬುದನ್ನು ಕಣ್ಣು ತೆರೆದು ನೋಡಿರೆಂದು ಹೇಳುತ್ತಿದ್ದೇವೆ.

ಆ ಅಧಿಕಾರದ ತೂಕವನ್ನು ತಿಳಿಯಲು ಯುದ್ಧದ ವಿಷಯವೊಂದೇ ಸಾಕು. ಸೈನ್ಯವನ್ನು ಪರದೇಶದ ಮೇಲೆ ಕಳಿಸಲು ಇಂಗ್ಲಂಡದ ಮಂತ್ರಿಗಳಿಗೆ ಸಭೆಯ ಮತ ಬೇಕೆಂದು ಯಾವ ಕಾಯದೆಯೂ ವಿಧಿಸಿಲ್ಲ. ೨೦೦೩ರ ಮಾರ್ಚಿಯಲ್ಲಿ ಇರಾಕದ ಯುದ್ಧಕ್ಕೆ ಮೊದಲು ಮತ ಕೇಳಿದರು. ೨೦೧೩ರಲ್ಲಿ ಸಿರಿಯಾದ ವಿಷಯದಲ್ಲಿ ಮತ ಕೇಳಿ ೨೮೫ಕ್ಕೆ ೨೭೨ರಿಂದ ಸೋತು ಹಿಂದೆ ಸರಿದರು. ಇದು ರೂಢಿಯಾಗಿ ನೆಲೆಯೂರಿತೆಂದು ಜನರು ನಂಬುತ್ತಿರುವಾಗಲೇ, ೨೦೧೮ರ ಏಪ್ರಿಲಿನಲ್ಲಿ ಮಂತ್ರಿಗಳು ಸಭೆಯನ್ನು ಕೇಳದೆಯೇ ಅದೇ ಸಿರಿಯಾದ ಮೇಲೆ ಬಾಂಬು ಹಾಕಿಸಿದರು. ಕೇಳಿದರೆ ಸೌಜನ್ಯ, ಕೇಳದಿದ್ದರೆ ಅಧಿಕಾರ. ಇದಕ್ಕೆ ಜವಾಬುದಾರಿಯ ರಾಜ್ಯಪದ್ಧತಿಯೆಂಬ ಪೂರ್ಣ ಹೆಸರನ್ನು ಕೊಡಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಮೂರು ಸಮಾಧಾನಗಳು

ಈ ಆಕ್ಷೇಪಕ್ಕೆ ರಾಜಸತ್ತೆಯ ಅಭಿಮಾನಿಗಳು ಮೂರು ಸಮಾಧಾನಗಳನ್ನು ಹೇಳುತ್ತಾರೆ. ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು, ಅರಸನು ಪಕ್ಷಗಳಿಗೆ ಅತೀತನಾದ ಕಾವಲುಗಾರನು, ಮಂತ್ರಿಯು ಅತಿಕ್ರಮಿಸಿದರೆ ಅವನು ತಡೆಯುವನು ಎಂಬುದು. ತಡೆಯಬೇಕಾದ ಸಮಯವು ೨೦೧೯ರಲ್ಲಿ ಬಂದಿತು. ಯುರೋಪಿಯನ್ ಒಕ್ಕೂಟದಿಂದ ಹೊರಬೀಳುವ ವಿಷಯದಲ್ಲಿ ದೇಶವು ಕುದಿಯುತ್ತಿರುವಾಗ, ಪ್ರಧಾನಮಂತ್ರಿ ಬೋರಿಸ್ ಜಾನ್ಸನ್ ಅವರು ಪಾರ್ಲಿಮೆಂಟಿನ ಬಾಗಿಲನ್ನು ಐದು ವಾರಗಳ ಕಾಲ ಮುಚ್ಚಿಸಲು ಅರಮನೆಗೆ ಸಲಹೆ ಮಾಡಿದರು. ಅಗಸ್ಟ್ ೨೮ರಂದು ಬಾಲ್ಮೋರಲ್ ಅರಮನೆಯಲ್ಲಿ ಎರಡನೆಯ ಎಲಿಜಬೆತ್ ರಾಣಿಯು ಆ ಆಜ್ಞೆಗೆ ಒಪ್ಪಿಗೆ ಕೊಟ್ಟಳು. ಕೊಡದೆ ಇರುವ ದಾರಿಯೇ ಅವಳಿಗಿರಲಿಲ್ಲ. ಮಂತ್ರಿಯ ಸಲಹೆಯನ್ನು ಮೀರುವುದಿಲ್ಲವೆಂಬ ರೂಢಿಯೇ ಅವಳ ಸಿಂಹಾಸನದ ಆಧಾರವಾಗಿತ್ತು. ಸಪ್ಟಂಬರ ೨೪ರಂದು ಹನ್ನೊಂದು ಜನ ನ್ಯಾಯಾಧೀಶರು ಸರ್ವಾನುಮತದಿಂದ ಆ ಆಜ್ಞೆಯು ಕಾಯದೆಗೆ ವಿರುದ್ಧವಾದುದು, ಅದು ಇಲ್ಲದಂತೆಯೇ ಸರಿ ಎಂದು ತೀರ್ಪಿತ್ತು ಪಾರ್ಲಿಮೆಂಟಿನ ಬಾಗಿಲನ್ನು ತೆರೆಯಿಸಿದರು. ಕಾವಲುಗಾರನು ಬೀಗದ ಕೈಯನ್ನು ತಾನೇ ಕೊಟ್ಟನು. ಮನೆಯನ್ನು ಉಳಿಸಿದವರು ನ್ಯಾಯಾಧೀಶರು.

ಹಾಗಾದರೆ ಕಿರೀಟವು ನಿಜವಾಗಿ ಎದ್ದು ನಿಂತರೆ ಏನಾಗುತ್ತದೆ? ಅದಕ್ಕೂ ಸಾಕ್ಷಿಯಿದೆ. ಆಗ ಇಂಗ್ಲಂಡದ ರಾಣಿಯೇ ಆಸ್ಟ್ರೇಲಿಯಾಕ್ಕೂ ರಾಣಿಯಾಗಿದ್ದಳು. ಅಲ್ಲಿ ಅವಳ ಪ್ರತಿನಿಧಿಯಾಗಿದ್ದವನು ಗವರ್ನರ್ ಜನರಲ್. ೧೯೭೫ರಲ್ಲಿ ಅಲ್ಲಿಯ ಮೇಲ್ಮನೆಯು ಸರಕಾರಕ್ಕೆ ಹಣ ಮಂಜೂರು ಮಾಡದೆ ಹಟ ಹಿಡಿದಾಗ, ನವೆಂಬರ ೧೧ರಂದು ಗವರ್ನರ್ ಜನರಲ್ ಕೆರ್ ಅವರು ಕೆಳಮನೆಯ ಬಹುಮತವಿದ್ದ ಪ್ರಧಾನಮಂತ್ರಿ ವಿಟ್ಲಾಮ್ ಅವರನ್ನು ಕೆಲಸದಿಂದ ತೆಗೆದು, ಎದುರು ಪಕ್ಷದ ಫ್ರೇಸರ್ ಅವರನ್ನು ಪ್ರಧಾನಮಂತ್ರಿಯನ್ನಾಗಿ ಮಾಡಿದರು. ಅದೇ ಮಧ್ಯಾಹ್ನ ಕೆಳಮನೆಯು ಫ್ರೇಸರರಲ್ಲಿ ವಿಶ್ವಾಸವಿಲ್ಲವೆಂದು ಗೊತ್ತುವಳಿ ಮಾಡಿತು. ಗವರ್ನರ್ ಜನರಲ್‌ರು ಗೊತ್ತುವಳಿಗೆ ಮನ್ನಣೆ ಕೊಡದೆ ಸಭೆಯನ್ನೇ ವಿಸರ್ಜಿಸಿದರು. ಮುಂದಿನ ಚುನಾವಣೆಯಲ್ಲಿ ಫ್ರೇಸರರು ಭಾರಿ ಬಹುಮತದಿಂದ ಗೆದ್ದರೆಂದು ಕೆಲವರು ಸಮರ್ಥಿಸುತ್ತಾರೆ. ಗೆದ್ದುದು ನಿಜ. ಆದರೆ ಪ್ರಜೆಗಳು ಆರಿಸಿದ ಸಭೆಯ ಮಾತನ್ನು ಯಾರೂ ಆರಿಸದ ಒಬ್ಬ ವ್ಯಕ್ತಿಯು ಹೊಸಕಿದುದು ಚುನಾವಣೆಯ ಫಲದಿಂದ ನ್ಯಾಯವಾಗುವುದಿಲ್ಲ. ಇಲ್ಲಿಯ ಕಾವಲುಗಾರನು ಒಮ್ಮೆ ನಿದ್ದೆ ಹೋದನು, ಒಮ್ಮೆ ಎದ್ದು ಮನೆಯ ಯಜಮಾನನನ್ನೇ ಹೊಡೆದನು. ಇಂಥವನನ್ನು ನಂಬಿ ಯಾವ ಗೃಹಸ್ಥನು ನಿಶ್ಚಿಂತನಾಗಿ ಮಲಗುವನು?

ಎರಡನೆಯ ಸಮಾಧಾನ: ಅರಸನು ಕೇವಲ ಅಲಂಕಾರ, ರಾಜ್ಯದ ಕೆಲಸದಲ್ಲಿ ಅವನ ಕೈವಾಡವೇ ಇಲ್ಲ ಎಂಬುದು. ಮೊದಲನೆಯ ಸಮಾಧಾನಕ್ಕೂ ಇದಕ್ಕೂ ಹೊಂದುವುದಿಲ್ಲ. ಕೈಯಿಲ್ಲದವನು ಕಾಯುವುದೆಂತು? ಅದಿರಲಿ. ಇಂಗ್ಲಂಡದಲ್ಲಿ ಅರಸನ ವಿಶೇಷಾಧಿಕಾರಕ್ಕೆ ಅಥವಾ ಅವನ ಸ್ವಂತ ಆಸ್ತಿಪಾಸ್ತಿಗೆ ತಾಗುವ ಮಸೂದೆಗಳಿಗೆ, ಅವು ಸಭೆಯನ್ನು ದಾಟುವ ಮೊದಲೇ, ಅರಮನೆಯ ಸಮ್ಮತಿ ಬೇಕು. ಕೊನೆಯ ಅಂಕಿತವೇ ಬೇರೆ, ಇದೇ ಬೇರೆ. ಎಲಿಜಬೆತ್ ರಾಣಿಯ ಕಾಲದಲ್ಲಿ ಒಂದು ಸಾವಿರಕ್ಕೂ ಹೆಚ್ಚು ಮಸೂದೆಗಳು ಈ ಬಾಗಿಲಿನಿಂದ ಹಾದುಹೋದವೆಂದು ಅಲ್ಲಿಯ ಗಾರ್ಡಿಯನ್ ಪತ್ರಿಕೆಯು ೨೦೨೧ರಲ್ಲಿ ಬಯಲಿಗೆ ತಂದಿತು. ೧೯೭೩ರಲ್ಲಿ ಕಂಪನಿಗಳ ಪಾಲುದಾರರ ಹೆಸರು ಹೊರಗೆಡಹುವ ಮಸೂದೆಯೊಂದು ಸಿದ್ಧವಾಗುತ್ತಿದ್ದಾಗ, ರಾಣಿಯ ಸಂಪತ್ತು ಗುಟ್ಟಾಗಿ ಉಳಿಯುವಂತೆ ಅದನ್ನು ಬದಲಿಸಬೇಕೆಂದು ಅವಳ ವಕೀಲರು ಮಂತ್ರಿಗಳ ಮೇಲೆ ಒತ್ತಾಯ ತಂದುದೂ ಹಳೆಯ ಸರಕಾರಿ ಕಾಗದಗಳಿಂದ ಆಗಲೇ ಬೆಳಕಿಗೆ ಬಂದಿತು. ಸಮ್ಮತಿಯು ಕೇವಲ ಔಪಚಾರಿಕವೆಂದು ಅರಮನೆಯು ಉತ್ತರ ಕೊಟ್ಟಿತು. ಕೇವಲ ಉಪಚಾರವಾದರೆ ಅದನ್ನು ತೆಗೆದುಹಾಕಲು ಅಡ್ಡಿಯೇನು?

ಇಂದಿನ ಅರಸನಾದ ಮೂರನೆಯ ಚಾರ್ಲ್ಸನು ಯುವರಾಜನಾಗಿದ್ದಾಗ ಮಂತ್ರಿಗಳಿಗೆ ಬರೆದ ಪತ್ರಗಳ ಕಥೆಯೂ ಇದೇ ಬಗೆಯದು. ಇರಾಕದಲ್ಲಿದ್ದ ಸೈನ್ಯದ ಹೆಲಿಕಾಪ್ಟರುಗಳಿಂದ ಹಿಡಿದು ಗಿಡಮೂಲಿಕೆಯ ಔಷಧಗಳವರೆಗೆ ಅವನು ಸಲಹೆ ಬರೆದಿದ್ದನು. ಆ ಪತ್ರಗಳನ್ನು ಜನರ ಕಣ್ಣಿಗೆ ತರಲು ಒಬ್ಬ ಪತ್ರಕರ್ತನು ಹತ್ತು ವರ್ಷ ಹೋರಾಡಬೇಕಾಯಿತು. ೨೦೧೫ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯದ ತೀರ್ಪಿನ ಮೇಲೆ ಅವು ಹೊರಬಂದವು. ಅಷ್ಟರೊಳಗೆ, ೨೦೧೦ರಲ್ಲಿಯೇ, ಅರಸನ ಮತ್ತು ಯುವರಾಜನ ಪತ್ರವ್ಯವಹಾರವನ್ನು ಮಾಹಿತಿಯ ಹಕ್ಕಿನಿಂದ ಪೂರ್ತಿಯಾಗಿ ಹೊರಗಿಡುವಂತೆ ಕಾಯದೆಯನ್ನು ತಿದ್ದಿ ಆಗಿತ್ತು. ಸಲಹೆ ಕೊಡುವುದು ದೋಷವಲ್ಲ. ಯಾರು ಏನು ಸಲಹೆ ಕೊಟ್ಟರೆಂದು ತಿಳಿಯಗೊಡದಿರುವುದು ದೋಷ. ಗುಟ್ಟಿನಲ್ಲಿ ಆಡಿದ ಮಾತಿಗೆ ಸಭೆಯಲ್ಲಿ ಉತ್ತರ ಕೇಳುವವರಾರು?

ಮೂರನೆಯ ಸಮಾಧಾನವು, ಬರೆದ ಕಾಯದೆಗಿಂತ ಬೆಳೆದುಬಂದ ರೂಢಿಯೇ ಬಲವಾದುದು ಎಂಬುದು. ರೂಢಿಯು ಸಜ್ಜನರನ್ನು ಕಟ್ಟುತ್ತದೆ. ಕಾಯದೆಯು ಎಲ್ಲರನ್ನೂ ಕಟ್ಟುತ್ತದೆ. ಅದೂ ಬಿಡಿ, ಕಾಯದೆಯಾಗಿ ಬರೆದುದನ್ನು ಮತ್ತೆ ರೂಢಿಯ ಮಬ್ಬಿಗೆ ತಳ್ಳಿದ ಉದಾಹರಣೆಯೂ ಇದೆ. ಸಭೆಯನ್ನು ವಿಸರ್ಜಿಸುವ ಅಧಿಕಾರವನ್ನು ೨೦೧೧ರ ಒಂದು ಕಾಯದೆಯು ರಾಜಾಧಿಕಾರದಿಂದ ಬಿಡಿಸಿ ಕಾಮನ್ಸ್ ಸಭೆಯ ಮತಕ್ಕೆ ಒಪ್ಪಿಸಿತು. ಈ ಕಾಯದೆಯು ಸಂಕಟದ ಕಾಲದಲ್ಲಿ ಸಭೆಯನ್ನು ಸಿಕ್ಕಿಹಾಕಿಸಿತೆಂಬ ದೂರಿನಲ್ಲಿ ಸ್ವಲ್ಪ ಹುರುಳಿದೆ. ಆದರೆ ಪರಿಹಾರವೇನು ಮಾಡಿದರು? ೨೦೨೨ರಲ್ಲಿ ಅದನ್ನು ರದ್ದುಮಾಡಿ, ವಿಸರ್ಜನೆಯ ಅಧಿಕಾರವನ್ನು ಮರಳಿ ಕಿರೀಟಕ್ಕೆ, ಎಂದರೆ ಪ್ರಧಾನಮಂತ್ರಿಗೆ, ಒಪ್ಪಿಸಿದರು. ಅಷ್ಟಕ್ಕೆ ನಿಲ್ಲದೆ, ಆ ವಿಷಯವನ್ನು ನ್ಯಾಯಾಲಯಗಳು ವಿಚಾರಿಸಕೂಡದೆಂದೂ ಬರೆದರು. ೨೦೧೯ರಲ್ಲಿ ಮನೆಯನ್ನು ಉಳಿಸಿದ ನ್ಯಾಯಾಧೀಶರಿಗೆ ಸಂದ ಬಹುಮಾನ ಇದು.

ಅರಸನನ್ನು ಉಳಿಸಿಕೊಂಡೂ ಕಟ್ಟಬಹುದು

ಇಷ್ಟು ಹೇಳಿದುದರಿಂದ, ಅರಸರಿರುವ ದೇಶಗಳೆಲ್ಲ ಅವರನ್ನು ಓಡಿಸಬೇಕೆಂಬುದು ನಮ್ಮ ಅಭಿಪ್ರಾಯವೆಂದು ಯಾರೂ ತಿಳಿಯಬಾರದು. ಅದು ಆಯಾ ದೇಶದ ಪ್ರಜೆಗಳಿಗೆ ಬಿಟ್ಟ ಮಾತು. ಅರಸನನ್ನು ಉಳಿಸಿಕೊಂಡೂ ಅವನ ಹೆಸರಿನ ಅಧಿಕಾರವನ್ನು ಬರೆದ ಕಾಯದೆಯ ಕೆಳಗೆ ತರಬಹುದೆಂಬುದನ್ನು ಹಲವು ದೇಶಗಳು ಮಾಡಿ ತೋರಿಸಿವೆ. ಜಪಾನದ ೧೯೪೭ರ ರಾಜ್ಯಘಟನೆಯಲ್ಲಿ ಚಕ್ರವರ್ತಿಯು ರಾಜ್ಯದ ಸಂಕೇತನು ಮಾತ್ರ. ರಾಜ್ಯಭಾರದ ಅಧಿಕಾರ ಅವನಿಗೆ ಏನೇನೂ ಇಲ್ಲ. ಪ್ರಧಾನಮಂತ್ರಿಯನ್ನು ಆರಿಸುವುದು ಅಲ್ಲಿಯ ಪಾರ್ಲಿಮೆಂಟು. ಸ್ವೀಡನ್ ದೇಶವು ೧೯೭೪ರಲ್ಲಿ ಅಂಗೀಕರಿಸಿ ೧೯೭೫ರಿಂದ ನಡೆಸಿಕೊಂಡು ಬಂದ ಘಟನೆಯಲ್ಲಿ, ಪ್ರಧಾನಮಂತ್ರಿಯ ಹೆಸರನ್ನು ಸೂಚಿಸುವವನು ಸಭಾಧ್ಯಕ್ಷನು, ಒಪ್ಪುವುದು ಸಭೆ. ಅರಸನು ಕಾಯದೆಗೆ ಅಂಕಿತವನ್ನೂ ಹಾಕುವುದಿಲ್ಲ. ಆದರೂ ಅರಸನು ಅರಮನೆಯಲ್ಲಿದ್ದಾನೆ, ಜನರು ಅವನಿಗೆ ಗೌರವ ಕೊಡುತ್ತಾರೆ.

ಕಟ್ಟು ಬರೆಯದಿದ್ದರೆ ಏನಾಗುವುದೆಂಬುದಕ್ಕೆ ಬೆಲ್ಜಿಯಮ್ ಸಾಕ್ಷಿ. ೧೯೯೦ರ ಏಪ್ರಿಲಿನಲ್ಲಿ ಬೊದುವೆನ್ ಅರಸನು ಗರ್ಭಪಾತದ ಕಾಯದೆಗೆ ಸಹಿ ಮಾಡಲು ತನ್ನ ಮನಸ್ಸಾಕ್ಷಿ ಒಪ್ಪದೆಂದನು. ಆಗ ಮಂತ್ರಿಗಳು ಅರಸನು ಆಳಲು ಅಸಮರ್ಥನಾಗಿದ್ದಾನೆಂದು ಸಾರಿ, ತಾವೇ ಸಹಿ ಮಾಡಿ, ಮರುದಿನ ಅವನನ್ನು ಮತ್ತೆ ಪಟ್ಟಕ್ಕೆ ತಂದರು! ಲಕ್ಸೆಂಬರ್ಗದಲ್ಲಿ ೨೦೦೮ರಲ್ಲಿ ದಯಾಮರಣದ ಮಸೂದೆಗೆ ಅಲ್ಲಿಯ ಪ್ರಭುವು ಒಪ್ಪಿಗೆ ಕೊಡಲಾರೆನೆಂದಾಗ, ಅಲ್ಲಿಯವರು ಇಂಥ ನಾಟಕವಾಡದೆ ರಾಜ್ಯಘಟನೆಯನ್ನೇ ತಿದ್ದಿ, ಪ್ರಭುವಿನ ಒಪ್ಪಿಗೆ ಬೇಕಾಗಿಲ್ಲ, ಅವನು ಕಾಯದೆಯನ್ನು ಪ್ರಕಟಿಸಿದರೆ ಸಾಕೆಂದು ಬರೆದುಕೊಂಡರು. ಇಬ್ಬರು ಅರಸರ ಮನಸ್ಸಾಕ್ಷಿಯನ್ನೂ ನಾವು ಗೌರವಿಸುತ್ತೇವೆ. ಆದರೆ ದೇಶದ ಕಾಯದೆಯು ಒಬ್ಬನ ಮನಸ್ಸಾಕ್ಷಿಯ ಬಾಗಿಲಲ್ಲಿ ಕಾದು ನಿಲ್ಲಬಾರದು.

ಮೈಸೂರಿನ ಪಾಠ

'ಇದೆಲ್ಲ ದೂರದ ದೇಶಗಳ ಕಥೆ, ನಮಗೇನು?' ಎನ್ನುವವರು ಮೈಸೂರು ಸಂಸ್ಥಾನವನ್ನು ನೆನೆಯಬೇಕು. ೧೮೮೧ರ ಮಾರ್ಚಿಯಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂದ ವರ್ಷವೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ೧೪೪ ಸದಸ್ಯರ ಪ್ರಜಾಪ್ರತಿನಿಧಿ ಸಭೆಯು ಕೂಡಿತು. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂದಿತು. ಕೆರೆ ಕಾಲುವೆ, ಶಾಲೆ, ವಿದ್ಯುಚ್ಛಕ್ತಿ, ಕಾರಖಾನೆಗಳ ವಿಷಯದಲ್ಲಿ ಆ ಸಂಸ್ಥಾನವು ಮಾಡಿದ ಕೆಲಸವನ್ನು ಭರತಖಂಡವೇ ಹೊಗಳಿತು. ಆ ಹೊಗಳಿಕೆ ನ್ಯಾಯವಾದುದು. ಆದರೆ ದಿವಾನರನ್ನು ನೇಮಿಸುವವರು ಮಹಾರಾಜರು. ದಿವಾನರು ಉತ್ತರ ಕೊಡಬೇಕಾದುದು ಅರಮನೆಗೆ. ಪ್ರತಿನಿಧಿಗಳು ಊರಿನ ಕಷ್ಟಗಳನ್ನು ಹೇಳಿಕೊಳ್ಳಬಹುದು, ಪ್ರಶ್ನೆ ಕೇಳಬಹುದು, ದಿವಾನರ ಭಾಷಣವನ್ನು ಕೇಳಿ ಮನೆಗೆ ಹೋಗಬಹುದು. ದಿವಾನರನ್ನು ಮನೆಗೆ ಕಳಿಸುವಂತಿರಲಿಲ್ಲ.

ಒಳ್ಳೆಯ ಆಳ್ವಿಕೆಯೂ ಉತ್ತರ ಕೊಡುವ ಆಳ್ವಿಕೆಯೂ ಬೇರೆಬೇರೆ ಎಂಬುದು ೧೯೩೮ರಲ್ಲಿ ತಿಳಿದುಬಂದಿತು. ಆ ಏಪ್ರಿಲಿನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹವಾಯಿತು. ಅದೇ ತಿಂಗಳು ೨೫ರಂದು ವಿದುರಾಶ್ವತ್ಥದಲ್ಲಿ ಕೂಡಿದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿ ಪ್ರಜೆಗಳ ಪ್ರಾಣ ತೆಗೆದರು. ಮಾದರಿ ಸಂಸ್ಥಾನದ ಸಭೆಗೆ ಆ ಗುಂಡುಗಳ ಲೆಕ್ಕ ಕೇಳಿ ಮಂತ್ರಿಗಳನ್ನು ಇಳಿಸುವ ಶಕ್ತಿಯಿರಲಿಲ್ಲ. ೧೯೪೭ರ ಸಪ್ಟಂಬರದಲ್ಲಿ 'ಮೈಸೂರು ಚಲೋ' ಚಳವಳಿಯು ಹಬ್ಬಿ ಸಾವಿರಾರು ಜನರು ಸೆರೆಮನೆ ಕಂಡ ಮೇಲೆಯೇ, ಅಕ್ಟೋಬರದಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲವು ಬಂದಿತು. ಜಯಚಾಮರಾಜ ಒಡೆಯರು ಸಿಂಹಾಸನದಲ್ಲಿದ್ದರು. ಆಳ್ವಿಕೆ ಪ್ರಜಾಪಕ್ಷದ ಮಂತ್ರಿಗಳಿಗೆ ಬಂದಿತ್ತು. ಆರೂವರೆ ದಶಕಗಳ ಸದಾಡಳಿತವು ಕೊಡದೆ ಇದ್ದುದನ್ನು ಎರಡು ತಿಂಗಳ ಹೋರಾಟವು ಪಡೆದುಕೊಟ್ಟಿತು. ಅರಸನು ಒಳ್ಳೆಯವನೆಂಬ ಮಾತು ಜವಾಬುದಾರಿ ಸರಕಾರಕ್ಕೆ ಬದಲಾಗಿ ನಿಲ್ಲಲಾರದೆಂಬುದಕ್ಕೆ ಕನ್ನಡಿಗರು ಪರದೇಶದ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ.

೧೯೫೦ರ ಜನವರಿ ೨೬ರಂದು ಭಾರತವು ಗಣರಾಜ್ಯವಾಯಿತು. ಅರಸನು ಹೋದನು, ಅರಸನ ಯಂತ್ರವು ಹೋಗಲಿಲ್ಲ. ಇಂಗ್ಲಂಡದ ಮಾದರಿಯನ್ನೇ ಹಿಡಿದು ರಾಷ್ಟ್ರಪತಿಯನ್ನೂ ಪ್ರಾಂತಗಳಿಗೆ ರಾಜ್ಯಪಾಲರನ್ನೂ ನಮ್ಮ ಘಟನಾಕಾರರು ಇಟ್ಟರು. ಪುಣ್ಯಕ್ಕೆ ಅವರು ಎಲ್ಲವನ್ನೂ ರೂಢಿಗೆ ಬಿಡದೆ ಬರೆದರು. ಆದರೂ ಬರೆಯದೆ ಉಳಿದ ಸಂದುಗಳಲ್ಲಿ ಹಳೆಯ ರಾಜಾಧಿಕಾರವು ನುಸುಳದೆ ಬಿಡಲಿಲ್ಲ. ೧೯೮೯ರ ಏಪ್ರಿಲ್ ೨೧ರಂದು ನಮ್ಮ ಕರ್ನಾಟಕದಲ್ಲಿಯೇ ಎಸ್. ಆರ್. ಬೊಮ್ಮಾಯಿಯವರ ಮಂತ್ರಿಮಂಡಲವನ್ನು ತೆಗೆದುಹಾಕಿದರು. ೧೯ ಶಾಸಕರು ಬೆಂಬಲ ಹಿಂತೆಗೆದ ಪತ್ರಗಳು ರಾಜಭವನಕ್ಕೆ ತಲುಪಿದ್ದವು; ಅವರಲ್ಲಿ ಏಳು ಜನರು ತಮ್ಮ ಸಹಿಯನ್ನು ಮೋಸದಿಂದ ಪಡೆಯಲಾಗಿದೆ ಎಂದರು. ಸಭೆಯಲ್ಲಿ ಬಹುಮತ ತೋರಿಸುತ್ತೇನೆಂದು ಮುಖ್ಯಮಂತ್ರಿಗಳು ಕೇಳಿಕೊಂಡರೂ ಅವಕಾಶ ದೊರೆಯಲಿಲ್ಲ. ೧೯೯೪ರ ಮಾರ್ಚಿ ೧೧ರಂದು ಒಂಬತ್ತು ನ್ಯಾಯಾಧೀಶರ ಪೀಠವು, ಬಹುಮತವನ್ನು ಎಣಿಸುವ ಸ್ಥಳವು ಶಾಸನಸಭೆಯೇ ಹೊರತು ರಾಜಭವನವಲ್ಲವೆಂದು ನಿರ್ಣಯಿಸಿತು. ನ್ಯಾಯ ಸಿಕ್ಕಿತು, ಐದು ವರ್ಷ ತಡವಾಗಿ. ಹೋದ ಸರಕಾರ ಮರಳಲಿಲ್ಲ. ಆದರೆ ಆ ತೀರ್ಪಿನ ಬಲದಿಂದಲೇ ೨೦೧೮ರ ಮೇ ತಿಂಗಳಲ್ಲಿ, ಬಹುಮತ ತೋರಿಸಲು ರಾಜಭವನವು ಕೊಟ್ಟ ಹದಿನೈದು ದಿನಗಳ ಅವಧಿಯನ್ನು ಸರ್ವೋಚ್ಚ ನ್ಯಾಯಾಲಯವು ಕಡಿದುಹಾಕಿ, ೧೯ರಂದೇ ಸಭೆಯಲ್ಲಿ ಬಲಾಬಲವನ್ನು ನೋಡಿರೆಂದು ಆಜ್ಞೆಮಾಡಿತು. ಬೊಮ್ಮಾಯಿಯವರ ಹೆಸರಿನ ಆ ತೀರ್ಪು ಕನ್ನಡನಾಡು ಇಡಿಯ ಭಾರತಕ್ಕೆ ಕೊಟ್ಟ ಕಾಣಿಕೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವೆಂಬ ಗಾದೆ ನಮ್ಮಲ್ಲಿದೆ. ಪಾರ್ಲಿಮೆಂಟಿನ ರಾಜ್ಯಪದ್ಧತಿಯಲ್ಲಿ ಗರ್ಭಗುಡಿಯೊಳಗೆ ಅರಸನಿರಲಿ, ರಾಷ್ಟ್ರಪತಿಯಿರಲಿ, ನಾವು ನೋಡಬೇಕಾದುದು ಪೂಜಾರಿಯ ಕೈಯನ್ನು. ಶಾಲೆಗಳಲ್ಲಿ ಪೌರನೀತಿಯನ್ನು ಕಲಿಸುವ ಉಪಾಧ್ಯಾಯರಿಗೆ ನಮ್ಮ ವಿನಂತಿಯೊಂದೇ. ಅಧಿಕಾರವು ಯಾರ ಹೆಸರಿನಲ್ಲಿದೆಯೆಂದು ಮಕ್ಕಳಿಗೆ ಕಲಿಸಿ ನಿಲ್ಲಿಸಬೇಡಿರಿ. ಆ ಅಧಿಕಾರವನ್ನು ನಡೆಸುವವರಾರು, ಅವರು ಯಾರಿಗೆ ಉತ್ತರ ಕೊಡಬೇಕು, ಕೊಡದಿದ್ದರೆ ಅವರನ್ನು ಇಳಿಸುವ ಬಗೆ ಯಾವ ಕಾಯದೆಯಲ್ಲಿ ಬರೆದಿದೆ ಎಂದು ಕೇಳುವುದನ್ನೂ ಕಲಿಸಿರಿ. ಈ ಮೂರು ಪ್ರಶ್ನೆಗಳನ್ನು ಕೇಳಬಲ್ಲ ಪ್ರಜೆಗಳಿರುವ ದೇಶದಲ್ಲಿ ಅರಸನಿದ್ದರೂ ಭಯವಿಲ್ಲ. ಕೇಳಲರಿಯದ ಪ್ರಜೆಗಳಿರುವ ದೇಶದಲ್ಲಿ ಅರಸನಿಲ್ಲದಿದ್ದರೂ ಅರಸೊತ್ತಿಗೆ ತಪ್ಪಿದ್ದಲ್ಲ.